ಓದುಗನಿಲ್ಲದ ಅಚ್ಚು

ಗ್ರಾಫಿಕ್ ವಿನ್ಯಾಸದ ಚರಿತ್ರೆಕಾರರು ಅಚ್ಚಿನ ಕಲೆಯನ್ನು ಸಾಮಾನ್ಯವಾಗಿ ಓದುಗನ ಕಣ್ಣಿನಿಂದಲೇ ಅಳೆಯುತ್ತಾರೆ. ಅಕ್ಷರ ಸ್ಫುಟವಾಗಿದೆಯೇ, ಹೇಳಬೇಕಾದದ್ದು ತಲುಪಿತೇ ಎಂಬುದೇ ಅವರ ಒರೆಗಲ್ಲು. ಉಳಿದುಬಂದಿರುವ ಅತಿ ಹಳೆಯ ಮುದ್ರಿತ ಪಠ್ಯಗಳಲ್ಲೊಂದಾದ ಜಪಾನಿನ ‘ಹ್ಯಕುಮಾಂತೋ ದರಾನಿ’ಯ ಮುಂದೆ ಈ ಒರೆಗಲ್ಲು ನಡೆಯದು. 764ರ ದಂಗೆ ಅಡಗಿದ ಮೇಲೆ ಸಾಮ್ರಾಜ್ಞಿ ಶೋತೊಕು ಗೇಣೆತ್ತರದ ಹತ್ತು ಲಕ್ಷ ಮರದ ಸ್ತೂಪಗಳನ್ನು ಮಾಡಿಸಿ, ಅವುಗಳ ಒಡಲಿನಲ್ಲಿ ಧಾರಣಿಯ, ಅಂದರೆ ಅರ್ಥಕ್ಕಿಂತ ಉಚ್ಚಾರದ ಬಲವನ್ನು ನೆಚ್ಚಿದ ಬೌದ್ಧ ಮಂತ್ರಪಾಠದ, ಮುದ್ರಿತ ಸುರುಳಿಗಳನ್ನು ಇರಿಸುವಂತೆ ಆಜ್ಞಾಪಿಸಿದಳು. 770ರ ಹೊತ್ತಿಗೆ ಕೆಲಸ ಮುಗಿದು ಅವು ಹತ್ತು ದೇವಾಲಯಗಳಿಗೆ ಹಂಚಿಹೋದವು. ಅವುಗಳಲ್ಲೊಂದಾದ ಹೋರ್ಯೂಜಿ ದೇವಾಲಯದಲ್ಲಿ ಇಂದಿಗೂ 40,000ಕ್ಕೂ ಹೆಚ್ಚು ಸ್ತೂಪಗಳಿವೆ. ಶಿಖರದ ತುಂಡನ್ನು ಸ್ತೂಪದ ನೆತ್ತಿಯ ತೂತಿಗೆ ಕೂರಿಸಿದರೆ ಕಾಗದ ಒಳಗೇ ಉಳಿಯುತ್ತಿತ್ತು. ಯಾರಾದರೂ ತೆಗೆದು ನೋಡಿದರೂ ಅಲ್ಲಿದ್ದದ್ದು ಸಂಸ್ಕೃತದ ಧ್ವನಿಗಳನ್ನು ಹಿಡಿದಿಡಲು ಬಳಸಿದ ಚೀನೀ ಅಕ್ಷರಗಳ ಸಾಲು.

ಧಾರಣಿಯನ್ನು ನಕಲು ಮಾಡಿ ಸ್ತೂಪದಲ್ಲಿಟ್ಟವರ ಪಾಪ ಕಳೆದು ಆಯುಸ್ಸು ಹೆಚ್ಚುತ್ತದೆಂದು ಮೂಲಸೂತ್ರವೇ ಹೇಳುವುದರಿಂದ, ಪುಣ್ಯವು ಪ್ರತಿಗಳ ಎಣಿಕೆಯೊಡನೆ ಬೆಳೆಯಿತು, ಎಣಿಕೆಗೆ ಅಚ್ಚು ಒದಗಿತು. ಇಲ್ಲೇ ತೊಡಕಿರುವುದು. ಬೌದ್ಧಮತದಲ್ಲಿ ಕರ್ಮವೆಂದರೆ ಚೇತನಾ, ಅಂದರೆ ಕ್ರಿಯೆಯ ಹಿಂದಿನ ಸಂಕಲ್ಪ. ಕೈಯಾರೆ ಬರೆಯುವ ಲಿಪಿಕಾರನಿಗೆ ಪ್ರತಿಯೊಂದು ಅಕ್ಷರವೂ ಮನಸ್ಸನ್ನು ನಿಲ್ಲಿಸುವ ಸಾಧನೆಯಾದೀತು, ಅಚ್ಚಿನ ಪಡಿಗೆ ಅಂಥ ಮನಸ್ಸೆಲ್ಲಿಯದು? ಮಾಡಿಸಿದವಳ ಒಂದೇ ಸಂಕಲ್ಪ ಹತ್ತು ಲಕ್ಷ ಪ್ರತಿಗಳಿಗೂ ಹರಿಯುತ್ತದೆಂದು ಒಪ್ಪಿದರೆ, ಒಂದು ಪ್ರತಿಗೂ ಅದು ಸಾಕಾಗಬೇಕಿತ್ತು. ಅರಮನೆ ಈ ತರ್ಕಕ್ಕೆ ಕಿವಿಗೊಟ್ಟಂತಿಲ್ಲ.

ಚೀನಾದ ಡುನ್‌ಹುವಾಂಗ್‌ನ ಗುಹೆಯಲ್ಲಿ ದೊರೆತು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ 868ರ ‘ವಜ್ರಚ್ಛೇದಿಕಾ’ ಸೂತ್ರದ ಸುರುಳಿಯಲ್ಲಿ ಓದುಗ ಮರಳಿ ಬರುತ್ತಾನೆ. ವಾಂಗ್ ಜಿಯೆ ಎಂಬಾತ ತಂದೆತಾಯಿಯರ ಹೆಸರಿನಲ್ಲಿ ಇದನ್ನು ಉಚಿತ ಹಂಚಿಕೆಗಾಗಿ ಮಾಡಿಸಿದನೆಂದು ಕೊನೆಯಲ್ಲಿ ಅಚ್ಚಾಗಿದೆ. ಸೂತ್ರದ ನಾಲ್ಕು ಸಾಲನ್ನಾದರೂ ಪರರಿಗೆ ತಿಳಿಸುವುದು ಎಲ್ಲ ದಾನಕ್ಕಿಂತ ಮಿಗಿಲೆಂಬ ಅದರ ಬೋಧೆಗೆ ಈ ಹಂಚಿಕೆ ಒಪ್ಪುತ್ತದೆ. ಒಪ್ಪದಂತೆ ಕಾಣುವುದು ಮೊದಲಲ್ಲಿರುವ ಚಿತ್ರ. ಪರಿವಾರದ ನಡುವೆ ಬುದ್ಧ ಪೀಠದಲ್ಲಿದ್ದಾನೆ, ಕೆಳಗೆ ಎಡಮೂಲೆಯಲ್ಲಿ ಶಿಷ್ಯ ಸುಭೂತಿ ಮಂಡಿಯೂರಿ ಕೈಮುಗಿದಿದ್ದಾನೆ. ಆದರೆ ತಥಾಗತನನ್ನು, ಅಂದರೆ ಬುದ್ಧನನ್ನು, ಅವನ ಮೂವತ್ತೆರಡು ದೇಹಲಕ್ಷಣಗಳಿಂದ ಕಾಣಲಾಗದೆಂದು ಅದೇ ಸುಭೂತಿಗೆ ಸೂತ್ರ ಮತ್ತೆ ಮತ್ತೆ ಹೇಳುತ್ತದೆ. ಇದನ್ನು ವಿನ್ಯಾಸಕಾರನ ಅಜ್ಞಾನವೆನ್ನುವುದು ಅವಸರದ ಮಾತು. ಧರ್ಮವೂ ದಾಟಿದ ಮೇಲೆ ಬಿಡಬೇಕಾದ ತೆಪ್ಪವೆನ್ನುವ ಗ್ರಂಥದಲ್ಲಿ ಚಿತ್ರಕ್ಕೂ ಅಷ್ಟೇ ಅವಕಾಶ, ಮತ್ತು ಸುರುಳಿಯ ರಚನೆಯೂ ಅದಕ್ಕೆ ಒದಗಿಬರುತ್ತದೆ: ಪಠ್ಯ ಬಲದಿಂದ ಎಡಕ್ಕೆ ಬಿಚ್ಚಿಕೊಳ್ಳುತ್ತ ಹೋಗುವುದರಿಂದ, ರೂಪದಲ್ಲಿ ತನ್ನನ್ನು ಅರಸುವವನು ದಾರಿ ತಪ್ಪಿದವನೆನ್ನುವ ಗಾಥೆಯನ್ನು ಓದುಗ ಮುಟ್ಟುವ ಹೊತ್ತಿಗೆ, ಬುದ್ಧನ ರೂಪ ಅವನ ಬಲಗೈಯಲ್ಲಿ ಸುತ್ತಿಹೋಗಿರುತ್ತದೆ.