ಎರಡನೆಯ ಚೆಂಡು

ನಾನು ಬಲ್ಲ ಆಟಗಳಲ್ಲಿ ಕ್ಷಮೆಗೆ ನಿಯಮದಲ್ಲಿಯೇ ಸ್ಥಾನ ಕೊಟ್ಟಿರುವುದು ಟೆನ್ನಿಸ್. ಬ್ಯಾಡ್ಮಿಂಟನ್ನಿನಲ್ಲಿ ಸರ್ವಿಸು ಬಲೆಗೆ ಸಿಕ್ಕಿತೆಂದರೆ ತೀರಿತು, ಪಾಯಿಂಟು ಎದುರಾಳಿಯದು. ಟೇಬಲ್ ಟೆನ್ನಿಸಿನಲ್ಲೂ ಅಷ್ಟೆ, ವಾಲಿಬಾಲಿನಲ್ಲೂ ಅಷ್ಟೆ. ಟೆನ್ನಿಸಿನಲ್ಲಿ ಮೊದಲ ಸರ್ವಿಸು ತಪ್ಪಿದವನಿಗೆ ದಂಡವಿಲ್ಲ. ಇರಲಿ, ಇನ್ನೊಂದು ಚೆಂಡು ತೆಗೆದುಕೋ ಎನ್ನುತ್ತದೆ ನಿಯಮ. 1877ರಲ್ಲಿ ವಿಂಬಲ್ಡನ್ನಿನ ಮೊದಲ ಪಂದ್ಯಗಳು ನಡೆದಾಗಲೂ ಈ ಸೌಲಭ್ಯವಿತ್ತು. ಆಗ ಸರ್ವಿಸಿನ ಗೆರೆ ಬಲೆಯಿಂದ 26 ಅಡಿ ದೂರದಲ್ಲಿತ್ತು. 1880ರ ವೇಳೆಗೆ 21 ಅಡಿಗೆ ಬಂತು. ಬಲೆ ತಗ್ಗಿತು. ಮರದ ರ‍್ಯಾಕೆಟ್ಟು ಹೋಗಿ ಲೋಹದ್ದು ಬಂತು, ಅದೂ ಹೋಗಿ ಇಂಗಾಲದ ನಾರಿನದು ಬಂತು. ಎರಡನೆಯ ಚೆಂಡು ಮಾತ್ರ ಇದ್ದಲ್ಲಿಯೇ ಇದೆ.

ಈ ಔದಾರ್ಯ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ. ತಪ್ಪಿದರೂ ನಡೆಯುತ್ತದೆ ಎಂದು ತಿಳಿದು ತೋರಿಸುವ ಧೈರ್ಯ ಧೈರ್ಯವೇ? ಇನ್ನು ತಪ್ಪುವಂತಿಲ್ಲ ಎಂದಾಗ ಬರುವ ಎಚ್ಚರ ವಿವೇಕವೋ, ಬರೀ ಅಂಜಿಕೆಯೋ?

ಪುಸ್ತಕದಲ್ಲಿ ಉತ್ತರ ಹುಡುಕುವ ಮೊದಲು ಯಾವುದಾದರೂ ಸಣ್ಣ ಊರಿನ ಕ್ಲಬ್ಬಿಗೆ ಸಂಜೆ ಐದೂವರೆಗೆ ಹೋಗಿ ನಿಲ್ಲಬೇಕು. ನಮ್ಮ ಊರಿನದೂ ಅಂಥದೇ ಒಂದು ಕ್ಲಬ್ಬು. ಕೆಮ್ಮಣ್ಣಿನ ಅಂಗಳ, ಸುಣ್ಣದ ಗೆರೆ, ನಡುವೆ ಹೊಲಿಗೆ ಹಾಕಿದ ಬಲೆ. ಆಡುವವರು ವಕೀಲರು, ಡಾಕ್ಟರು, ಬ್ಯಾಂಕಿನವರು, ನನ್ನಂಥ ನಿವೃತ್ತ ಮೇಷ್ಟರು. ಇವರಲ್ಲಿ ಯಾರಾದರೂ ಸರ್ವಿಸಿಗೆ ನಿಂತಾಗ ನೋಡಿ. ಮೊದಲ ಚೆಂಡಿಗೆ ಮೈ ಬಿಲ್ಲಿನಂತೆ ಬಾಗುತ್ತದೆ, ಹಲ್ಲು ಕಚ್ಚುತ್ತದೆ, ರ‍್ಯಾಕೆಟ್ಟು ಗಾಳಿಯನ್ನು ಸೀಳುತ್ತದೆ. ಚೆಂಡು ಹಿಂದಿನ ಬೇಲಿಗೆ ಬಡಿಯುತ್ತದೆ. ಆಡಿದವರ ಮುಖದಲ್ಲಿ ವ್ಯಸನವೇನೂ ಇಲ್ಲ. ಬೇಲಿಗೆ ಬಡಿದ ಸದ್ದು ಚೆನ್ನಾಗಿತ್ತಲ್ಲ! ಆಮೇಲೆ ಎರಡನೆಯದು. ಅದೇ ಮನುಷ್ಯ ಕೈಯನ್ನು ಅರ್ಧಕ್ಕೆ ಎತ್ತಿ, ಬೀಗರಿಗೆ ತಾಂಬೂಲ ನೀಡುವಷ್ಟು ವಿನಯದಿಂದ ಚೆಂಡನ್ನು ಆಚೆಗೆ ದಾಟಿಸುತ್ತಾರೆ. ಎದುರಿನವರು ಎರಡು ಹೆಜ್ಜೆ ಮುಂದೆ ಬಂದು ಅದಕ್ಕೆ ಮಾಡಬೇಕಾದ ಸತ್ಕಾರ ಮಾಡುತ್ತಾರೆ. ಅರ್ಧ ನಿಮಿಷದೊಳಗೆ ಒಂದೇ ಅಂಗಿಯೊಳಗಿಂದ ಇಬ್ಬರು ಬಂದು ಹೋದರು. ಮೊದಲನೆಯವನು ಜಂಬಗಾರ, ಎರಡನೆಯವನು ಬೇಡುವವನು. ಆಟಗಾರ ಎಲ್ಲಿ?

ಲೆಕ್ಕದಲ್ಲಿಯೂ ಇದು ನಷ್ಟದ ವ್ಯಾಪಾರವೇ. ಊಹೆಗೆ ಹತ್ತು ಪಾಯಿಂಟು ಇಟ್ಟುಕೊಳ್ಳಿ. ಮೈಮುರಿದು ಹೊಡೆದ ಮೊದಲ ಸರ್ವಿಸು ಹತ್ತರಲ್ಲಿ ಮೂರು ಒಳಗೆ ಬಿದ್ದು, ಮೂರನ್ನೂ ಗೆದ್ದರೆನ್ನೋಣ. ಉಳಿದ ಏಳರಲ್ಲಿ ಆ ತಾಂಬೂಲದ ಸರ್ವಿಸಿನಿಂದ ಎರಡು ಬಂದರೆ ಪುಣ್ಯ. ಒಟ್ಟು ಐದು. ಅವರೇ ಮುಕ್ಕಾಲು ಬಲದಲ್ಲಿ ಹೊಡೆದು ಏಳನ್ನು ಒಳಗೆ ಬೀಳಿಸಿ, ಅದರಲ್ಲಿ ಐದು ಗೆದ್ದು, ಉಳಿದ ಮೂರರಲ್ಲಿ ಒಂದನ್ನು ಉಳಿಸಿಕೊಂಡರೂ ಆರಾಯಿತು. ಹೊಟ್ಟೆಪಾಡಿಗೆ ಆಡುವ ದೊಡ್ಡ ಆಟಗಾರರೇ ಮೊದಲ ಸರ್ವಿಸನ್ನು ನೂರಕ್ಕೆ ಸುಮಾರು ಅರವತ್ತರಷ್ಟು ಒಳಗೆ ಹಾಕುತ್ತಾರೆ. ಭಾನುವಾರದ ಆಟಗಾರನಿಗೆ ಅವರಿಗಿಂತ ಹೆಚ್ಚು ಸಾಹಸ ಏತಕ್ಕೆ ಬೇಕೋ ತಿಳಿಯದು.

ಲೆಕ್ಕ ಹಾಗಿರಲಿ. ನನಗೆ ನಿಜವಾಗಿ ಸೋಜಿಗವೆನಿಸುವುದು ಒಳ್ಳೆಯ ಎರಡನೆಯ ಸರ್ವಿಸಿನ ರಚನೆ. ಅಂಗಳದ ಹಿಂದಿನ ಗೆರೆಯಿಂದ ಬಲೆಗೆ 39 ಅಡಿ. ಬಲೆ ನಡುವೆ ಮೂರಡಿ ಎತ್ತರ. ಆಚೆ ಚೆಂಡು ಬೀಳಬೇಕಾದದ್ದು 21 ಅಡಿಯೊಳಗೆ. ಸಾಧಾರಣ ಎತ್ತರದ ಮನುಷ್ಯ ನೇರವಾಗಿ, ಜೋರಾಗಿ ಹೊಡೆದರೆ ಬಲೆಯ ಮೇಲೆ ಅವನಿಗೆ ಸಿಕ್ಕುವ ದಾರಿ ಬಹು ಕಿರಿದು. ಕೊಂಚ ತಗ್ಗಿದರೆ ಬಲೆ, ಕೊಂಚ ಏರಿದರೆ ಗೆರೆಯಾಚೆ. ಅಳುಕುವವನು ಇದಕ್ಕೆ ಕಂಡುಕೊಂಡ ಮದ್ದು ಮೆಲ್ಲಗೆ ಹೊಡೆಯುವುದು. ಬಲ್ಲವನ ಮದ್ದು ಬೇರೆ. ಅವನು ಚೆಂಡನ್ನು ತುಸು ತಲೆಯ ಮೇಲಕ್ಕೆ ಎಸೆದುಕೊಂಡು, ರ‍್ಯಾಕೆಟ್ಟನ್ನು ಕೆಳಗಿನಿಂದ ಮೇಲಕ್ಕೆ ಚೆಂಡಿನ ಬೆನ್ನು ಸವರುವಂತೆ ಬೀಸುತ್ತಾನೆ. ಚೆಂಡು ಬುಗುರಿಯಂತೆ ಸುತ್ತುತ್ತ ಬಲೆಯ ಮೇಲೆ ಎರಡು ಮೂರು ಅಡಿ ಎತ್ತರದಲ್ಲಿ ನಿಶ್ಚಿಂತೆಯಿಂದ ದಾಟುತ್ತದೆ. ಆ ಸುತ್ತಿನಿಂದಲೇ ಗಾಳಿ ಅದನ್ನು ಕೆಳಕ್ಕೆ ಒತ್ತಿ, ಗೆರೆಯೊಳಗೆ ಇಳಿಸುತ್ತದೆ. ಬಿದ್ದ ಮೇಲೆ ಎದುರಾಳಿಯ ಭುಜದೆತ್ತರಕ್ಕೆ ನೆಗೆಯುತ್ತದೆ.

ಇದರಲ್ಲಿ ಗಮನಿಸಬೇಕಾದದ್ದು ಕೈಯ ವೇಗ. ಮೊದಲ ಸರ್ವಿಸಿಗೆ ಎಷ್ಟು ವೇಗವೋ ಇದಕ್ಕೂ ಅಷ್ಟೇ ಬೇಕು. ಕೈ ಹಿಂಜರಿದರೆ ಸುತ್ತು ಸಾಲದು. ಸುತ್ತು ಸಾಲದಿದ್ದರೆ ಚೆಂಡು ಇಳಿಯದು. ಅಂದರೆ ಎಚ್ಚರ ಎಂಬುದು ಬಲವನ್ನು ಬಚ್ಚಿಟ್ಟುಕೊಳ್ಳುವುದಲ್ಲ, ಅದೇ ಬಲವನ್ನು ಬೇರೆ ದಿಕ್ಕಿಗೆ ತಿರುಗಿಸುವುದು. ಅಂಜಿಕೆ ಕೈಯನ್ನು ಹಿಡಿಯುತ್ತದೆ, ವಿವೇಕ ಕೈಯನ್ನು ಬಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡೂ ನಿಧಾನವಾದ ಚೆಂಡುಗಳೇ. ಬೆಂಚಿನ ಮೇಲೆ ಕುಳಿತವರು ಎರಡನ್ನೂ ಜೋಪಾನದ ಆಟ ಎನ್ನುತ್ತಾರೆ. ಆಡುವವನ ಭುಜಕ್ಕೆ ಮಾತ್ರ ವ್ಯತ್ಯಾಸ ಗೊತ್ತು.

ದೊಡ್ಡವರಿಗೂ ಈ ಗಳಿಗೆ ಸುಲಭವಲ್ಲ. 1993ರ ವಿಂಬಲ್ಡನ್ ಫೈನಲಿನಲ್ಲಿ ಯಾನಾ ನೊವೊಟ್ನಾ ಕೊನೆಯ ಸೆಟ್ಟಿನಲ್ಲಿ 4-1ರಿಂದ ಮುಂದಿದ್ದು, ಐದನೆಯ ಗೇಮಿಗೆ ಒಂದೇ ಪಾಯಿಂಟು ಬೇಕಾಗಿದ್ದಾಗ ಎರಡು ಸರ್ವಿಸನ್ನೂ ತಪ್ಪಿದರು. ಪಂದ್ಯ ಸ್ಟೆಫಿ ಗ್ರಾಫರ ಪಾಲಾಯಿತು. ಇನ್ನೊಂದು, 1996ರ ಅಮೆರಿಕನ್ ಓಪನ್ನಿನದು. ಪೀಟ್ ಸ್ಯಾಂಪ್ರಾಸ್ ಮತ್ತು ಸ್ಪೇನಿನ ಅಲೆಕ್ಸ್ ಕೊರೆಟ್ಜಾ ಐದನೆಯ ಸೆಟ್ಟಿನ ಟೈಬ್ರೇಕಿನಲ್ಲಿದ್ದರು. ಸ್ಯಾಂಪ್ರಾಸ್ ಅಂಗಳದಲ್ಲಿಯೇ ವಾಂತಿ ಮಾಡಿಕೊಂಡು, ರ‍್ಯಾಕೆಟ್ಟನ್ನು ಊರುಗೋಲಾಗಿ ಹಿಡಿದು ನಿಂತಿದ್ದರು. 7-7ರಲ್ಲಿ ಅವರ ಮೊದಲ ಸರ್ವಿಸು ತಪ್ಪಿತು. ಎರಡನೆಯದನ್ನು ಎದುರಾಳಿ ಮುಟ್ಟಲೂ ಆಗದಂತೆ ಹೊಡೆದರು. ಮುಂದಿನ ಪಾಯಿಂಟಿನಲ್ಲಿ ಕೊರೆಟ್ಜಾ ಎರಡೂ ಸರ್ವಿಸು ತಪ್ಪಿದರು. ಅಲ್ಲಿಗೆ ಪಂದ್ಯ ಮುಗಿಯಿತು. ಬೆನ್ನು ಬೆನ್ನಿಗೆ ಬಂದ ಎರಡು ಪಾಯಿಂಟು, ಎರಡಕ್ಕೂ ಎರಡನೆಯ ಚೆಂಡೇ ತೀರ್ಪು ಹೇಳಿತು. ಇದರಿಂದ ಒಬ್ಬರು ಧೀರರು ಇನ್ನೊಬ್ಬರು ಹೇಡಿ ಎಂದು ತೀರ್ಮಾನಿಸುವವರು ಟೆನ್ನಿಸ್ ಆಡಿದವರಿರಲಾರರು.

ಎರಡನೆಯ ಅವಕಾಶವೇ ಬೇಡ, ಅದು ಮನುಷ್ಯನನ್ನು ಕೆಡಿಸುತ್ತದೆ ಎನ್ನುವವರಿದ್ದಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದ ನಮ್ಮ ಹಿರಿಯರು ಬಾಳಿನಲ್ಲಿ ಎರಡನೆಯ ಸರ್ವಿಸು ಇಲ್ಲವೆಂದೇ ಎಣಿಸಿದ್ದರು. ಈ ಪಕ್ಷಕ್ಕೆ ಕರ್ಣನಿಗಿಂತ ದೊಡ್ಡ ಸಾಕ್ಷಿ ಯಾರು? ಗಮಕದಲ್ಲೋ ತಾಳಮದ್ದಳೆಯಲ್ಲೋ ಆ ಪ್ರಸಂಗ ಕೇಳದ ಕನ್ನಡಿಗರು ಕಡಿಮೆ. ಸರ್ಪಾಸ್ತ್ರ ಹೂಡಿದಾಗ ಗುರಿಯನ್ನು ತಿದ್ದಿಕೋ ಎಂದ ಶಲ್ಯ, ಕರ್ಣ ಒಪ್ಪಲಿಲ್ಲ. ಕೃಷ್ಣ ರಥವನ್ನು ನೆಲಕ್ಕೆ ಅದುಮಿದ. ಅಸ್ತ್ರ ಕಿರೀಟವನ್ನು ಕೊಂಡೊಯ್ದಿತು. ಮರಳಿ ಬಂದ ಸರ್ಪವೇ ತನ್ನನ್ನು ಇನ್ನೊಮ್ಮೆ ತೊಡು ಎಂದು ಬೇಡಿತು. ತೊಟ್ಟದ್ದನ್ನು ಮತ್ತೆ ತೊಡುವವನು ನಾನಲ್ಲ ಎಂದುಬಿಟ್ಟ. ಆ ಮಾತು ಕೇಳುವಾಗ ಮೈ ಜುಮ್ಮೆನ್ನುತ್ತದೆ, ಸಂದೇಹವಿಲ್ಲ. ಆದರೂ ಒಂದು ಅಧಿಕಪ್ರಸಂಗದ ಮಾತು: ಆ ಯುದ್ಧದಲ್ಲಿ ಕರ್ಣ ಒಬ್ಬನೇ ಆಡುತ್ತಿರಲಿಲ್ಲ. ಅವನನ್ನೇ ನಂಬಿ ದುರ್ಯೋಧನನಿದ್ದ. ಹಿರಿಮೆ ಕರ್ಣನ ಪಾಲಿಗೆ ಬಂತು, ನಷ್ಟ ಇಬ್ಬರ ಪಾಲಿಗೂ ಬಂತು.

ನನ್ನ ಪ್ರಶ್ನೆಗೆ ನಿಜವಾದ ತೂಕ ಬರುವುದು ಇಲ್ಲಿಯೇ. ನಮ್ಮ ವಯಸ್ಸಿನವರು ಆಡುವುದು ಹೆಚ್ಚಾಗಿ ಡಬಲ್ಸು. ಅಲ್ಲಿ ಸರ್ವಿಸು ಮಾಡುವವನು ಹಿಂದಿನ ಗೆರೆಯಲ್ಲಿ, ಅವನ ಜೊತೆಗಾರ ಬಲೆಯ ಬಳಿ, ಬರಿಯ ಎದೆಯಲ್ಲಿ. ಹಿಂದಿನವನು ಅಳುಕಿ ಕೊಟ್ಟ ಚೆಂಡನ್ನು ಎದುರಾಳಿ ಬಾರಿಸುವುದು ಕೊಟ್ಟವನ ಕಡೆಗಲ್ಲ, ಬಲೆಯ ಬಳಿ ನಿಂತವನ ಕಡೆಗೆ. ನಮ್ಮ ಡಾಕ್ಟರಿಗೆ ತಾವು ಎಂದೂ ಎರಡೂ ಸರ್ವಿಸು ತಪ್ಪುವುದಿಲ್ಲವೆಂಬ ಹೆಮ್ಮೆ. ನಿಜವೇ. ಅವರ ಎರಡನೆಯ ಸರ್ವಿಸು ಆಕಾಶಕ್ಕೆ ನಮಸ್ಕರಿಸಿ ಮೆಲ್ಲಗೆ ಇಳಿಯುತ್ತದೆ. ಅವರ ಲೆಕ್ಕದ ಪುಸ್ತಕದಲ್ಲಿ ತಪ್ಪುಗಳಿಲ್ಲ; ಜೊತೆಗಾರರ ಮೊಳಕಾಲಿನ ಮೇಲೆ ಕಲೆಗಳಿವೆ. ತನ್ನ ಹೆಸರಿಗೆ ತಪ್ಪು ಬಾರದಂತೆ ನಡೆದುಕೊಂಡು, ಅದರ ಬೆಲೆಯನ್ನು ಪಕ್ಕದವನಿಂದ ತೆರಿಸುವ ಈ ಜಾಣತನಕ್ಕೆ ಕಚೇರಿಗಳಲ್ಲಿ, ಮನೆಗಳಲ್ಲಿ ಒಳ್ಳೆಯ ಹೆಸರಿದೆ. ಜಂಬದ ಮೊದಲ ಸರ್ವಿಸಿಗಿಂತ ಇದನ್ನೇ ನಾನು ಹೆಚ್ಚು ಸಂಶಯದಿಂದ ನೋಡುವುದು.

ಕ್ಲಬ್ಬಿನಲ್ಲಿ ಒಬ್ಬ ಮುದಿ ಮಾರ್ಕರ್ ಇದ್ದಾನೆ. ವಕೀಲರೊಬ್ಬರು ತಮ್ಮ ಸರ್ವಿಸನ್ನು ತಿದ್ದಿಕೊಡೆಂದಾಗ ಅವನು ಕೇಳಿದ್ದು, "ಸಾರ್, ಜೇಬಿನಲ್ಲಿರೋ ಚೆಂಡು ಇಲ್ಲಿ ಕೊಡಿ" ಎಂದು. ಮೂರು ವಾರ ಅವರಿಗೆ ಒಂದೇ ಚೆಂಡು. ಮೊದಲ ವಾರ ಸೋಲಿನ ಮೇಲೆ ಸೋಲು. ಎರಡನೆಯ ವಾರ ಕೈ ಮೆತ್ತಗಾಯಿತು, ಮಾರ್ಕರ್ ಬೈದ. ಮೂರನೆಯ ವಾರದ ಹೊತ್ತಿಗೆ ಚೆಂಡು ಸುತ್ತತೊಡಗಿತು. ಆಮೇಲೆ ಜೇಬಿನ ಚೆಂಡನ್ನು ಹಿಂದಕ್ಕೆ ಕೊಟ್ಟ. "ಇನ್ನು ಮೊದಲನೇದನ್ನ ಸ್ವಲ್ಪ ಜೋರಾಗಿ ಹೊಡೀರಿ ಸಾರ್, ಪರವಾಗಿಲ್ಲ" ಎಂದ.

ವಕೀಲರು ಈಗಲೂ ವಾರಕ್ಕೆ ಎರಡು ಮೂರು ಸಲ ಎರಡೂ ಚೆಂಡು ತಪ್ಪುತ್ತಾರೆ. ಡಾಕ್ಟರು ತಪ್ಪುವುದಿಲ್ಲ. ಸಂಜೆ ಜೋಡಿ ಆರಿಸುವಾಗ ಬಲೆಯ ಬಳಿ ನಿಲ್ಲಬೇಕಾದವರೆಲ್ಲ ಸದ್ದಿಲ್ಲದೆ ವಕೀಲರ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.