ಇದರಲ್ಲಿ ಏನೇನು ಹಾಕಿದ್ದೀರಿ?

ಹಬ್ಬದ ಮನೆಯಲ್ಲಿ ಮಗುವಿನ ಕೈಗೆ ಬರ್ಫಿ ಕೊಡುವಾಗ ತಾಯಿ ‘ಇದಕ್ಕೆ ಶೇಂಗಾ ಹಾಕಿದ್ದೀರಾ?’ ಎಂದರೆ ಕೊಡುವವರ ಮುಖ ಸಪ್ಪಗಾಗುತ್ತದೆ. ‘ಒಂದು ಚೂರು ತಿಂದರೆ ಏನಾಗುತ್ತೆ?’ ಎನ್ನುತ್ತಾರೆ. ಅಲರ್ಜಿ ತೀವ್ರವಾಗಿದ್ದರೆ ಆ ಚೂರೇ ಸಾಕು. ದೇಹದ ರಕ್ಷಣಾ ವ್ಯವಸ್ಥೆ ಶೇಂಗಾದ ಪ್ರೋಟೀನನ್ನು ಶತ್ರುವೆಂದು ಬಗೆಯುತ್ತದೆ, ಉಸಿರೇ ಕಟ್ಟಬಹುದು. ಕೊಟ್ಟವರ ಪ್ರೀತಿ ಅದಕ್ಕೆ ಕಾಣದು.

ಹಾಗಾದರೆ ಉಪಚಾರವನ್ನು ಅಳೆಯಬೇಕಾದದ್ದು ಕೊಡುವವರ ಸಂತೋಷದಿಂದಲೋ, ತಿನ್ನುವವರ ಕ್ಷೇಮದಿಂದಲೋ?

ಪೊಟ್ಟಣದ ತಿನಿಸಿನಲ್ಲಿ ಹಾಲು, ಶೇಂಗಾ, ಗೋಡಂಬಿಯಂಥವು ಇದ್ದರೆ ಅಲರ್ಜಿಯ ಸೂಚನೆ ಇರಬೇಕೆಂದು ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳು ಹೇಳುತ್ತವೆ. ಮನೆಯ ತಟ್ಟೆಗೆ ಲೇಬಲ್ ಇಲ್ಲ. ಅಲ್ಲಿ ಕೊಡುವವರ ಮಾತನ್ನೇ ನೆಚ್ಚಬೇಕು. ನಿಜ ಹೇಳುತ್ತಾರೆಂಬ ನಂಬಿಕೆಯಿಂದಲೇ ತಾಯಿ ಕೇಳುತ್ತಾಳೆ. ‘ಗೊತ್ತಿಲ್ಲ, ಮಗುವಿಗೆ ಕೊಡಬೇಡಿ’ ಎನ್ನುವುದೂ ಉಪಚಾರವೇ.