ಮುಪ್ಪೂ ಮುಲಾಮೂ

ಹುಟ್ಟಿದ ಪ್ರಾಣಿಗೆ ಮುಪ್ಪು ತಪ್ಪದು. ಇದನ್ನು ಅರಿಯದವರು ಯಾರೂ ಇಲ್ಲ. ಆದರೂ ಅದನ್ನು ಒಂದಿಷ್ಟು ದೂರವಿರಿಸಬೇಕೆಂಬ ಆಸೆ ಮನುಷ್ಯನಷ್ಟೇ ಹಳೆಯದು. ಮಗನ ಯೌವನವನ್ನು ಬೇಡಿ ಪಡೆದ ಯಯಾತಿಯ ಕಥೆಯನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಯಯಾತಿ ಮಗನನ್ನು ಕೇಳಿದನು. ಇಂದಿನವರು ಅಂಗಡಿಯಲ್ಲಿ ಕೇಳುತ್ತಾರೆ. ಅಂಗಡಿಯವನೂ ಇಲ್ಲವೆನ್ನುವುದಿಲ್ಲ. ಮುಖಕ್ಕೆ ಹಚ್ಚುವ ಲೇಪಗಳ ಜಾಹೀರಾತಿನಲ್ಲಿ ಈಚೆಗೆ 'ಗ್ಲೈಕೇಶನ್' ಎಂಬ ಮಾತೊಂದು ಕಾಣಿಸಿಕೊಂಡಿದೆ. ರಕ್ತದ ಸಕ್ಕರೆ ಚರ್ಮದ ಎಳೆಗಳಿಗೆ ಅಂಟಿಕೊಂಡು ಅವನ್ನು ಬಿರುಸಾಗಿಸುತ್ತದೆ. ಅದರಿಂದ ಸುಕ್ಕು ಮೂಡುತ್ತದೆ. ನಮ್ಮ ಲೇಪ ಆ ಅಂಟನ್ನು ತಡೆಯುತ್ತದೆ. ಆದಕಾರಣ ಮುಪ್ಪಿನ ಗುರುತುಗಳು ಮೂಡುವುದು ನಿಧಾನವಾಗುತ್ತದೆ. ಜಾಹೀರಾತಿನ ವಾದ ಹೀಗೆ ಸಾಗುತ್ತದೆ.

ಈ ವಾದವನ್ನು ನಕ್ಕು ತಳ್ಳಿಬಿಡುವುದು ಸುಲಭ. ನಂಬಿಬಿಡುವುದು ಇನ್ನೂ ಸುಲಭ. ಕಲಿಸುವವರಿಗೂ ಕಲಿಯುವವರಿಗೂ ಈ ಎರಡು ಸುಲಭಗಳೂ ಸಲ್ಲವು. ಇಲ್ಲಿ ಎರಡು ಪ್ರಶ್ನೆಗಳು ಒಂದರೊಡನೊಂದು ಹೆಣೆದುಕೊಂಡಿವೆ. ಲೇಪದಿಂದ ಚರ್ಮದ ಮುಪ್ಪು ನಿಧಾನವಾದೀತೆ ಎಂಬುದು ಮೊದಲನೆಯದು. ಇದಕ್ಕೆ ವಿಜ್ಞಾನ ಉತ್ತರ ಕೊಡಬೇಕು. ಮುಪ್ಪಿನ ಗುರುತನ್ನು ಒಂದು ದೋಷವೆಂದು ಎಣಿಸುವುದು ಸರಿಯೆ ಎಂಬುದು ಎರಡನೆಯದು. ಇದಕ್ಕೆ ನಮ್ಮ ವಿವೇಕ ಉತ್ತರ ಕೊಡಬೇಕು. ಮೊದಲನೆಯದರ ಮರೆಯಲ್ಲಿ ಎರಡನೆಯದು ಯಾರ ಗಮನಕ್ಕೂ ಬಾರದೆ ತೀರ್ಮಾನವಾಗಿಬಿಡುತ್ತದೆ. ಆದುದರಿಂದ ಎರಡನ್ನೂ ಬಿಡಿಸಿ ನೋಡುವುದು ಅವಶ್ಯ.

ಮೊದಲು ವಿಜ್ಞಾನದ ಮಾತು. ಕಾವಲಿಯ ಮೇಲೆ ಹೊಯ್ದ ದೋಸೆ ಕೆಂಪಗಾಗುವುದನ್ನೂ ಹುರಿಯುವಾಗ ಕಾಫಿಬೀಜ ಬಣ್ಣ ತಿರುಗಿ ಪರಿಮಳ ಬೀರುವುದನ್ನೂ ನಾವು ನಿತ್ಯ ಕಾಣುತ್ತೇವೆ. ೧೯೧೨ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಯ್ ಮಯಾರ್ ಅವರು, ಸಕ್ಕರೆಯೂ ಅಮೈನೋ ಆಮ್ಲಗಳೂ ಕಾವಿನಲ್ಲಿ ಕೂಡಿ ಕಂದು ಬಣ್ಣದ ಹೊಸ ವಸ್ತುಗಳಾಗುವ ಬಗೆಯನ್ನು ತಿಳಿಸಿದರು. ಇಂಥ ಕೂಟ ನಮ್ಮ ಮೈಯೊಳಗೂ ನಡೆಯುತ್ತದೆ. ದೇಹದ ಕಾವು ೩೭ ಡಿಗ್ರಿ ಮಾತ್ರ ಇರುವುದರಿಂದ, ಕಾವಲಿಯ ಮೇಲೆ ನಿಮಿಷಗಳಲ್ಲಿ ಆಗುವ ಕೆಲಸಕ್ಕೆ ಇಲ್ಲಿ ತಿಂಗಳುಗಳೂ ವರ್ಷಗಳೂ ಹಿಡಿಯುತ್ತವೆ. ಮಧುಮೇಹಿಗಳ ರಕ್ತದಲ್ಲಿ ಒಂದು ಬಗೆಯ ಹಿಮೊಗ್ಲೋಬಿನ್ ಹೆಚ್ಚಾಗಿರುವುದನ್ನು ೧೯೬೮ರಲ್ಲಿ ಟೆಹರಾನಿನ ಸ್ಯಾಮ್ಯುಯಲ್ ರಾಹ್‌ಬರ್ ಅವರು ಗುರುತಿಸಿದರು. ಅದು ಸಕ್ಕರೆ ಅಂಟಿಕೊಂಡ ಹಿಮೊಗ್ಲೋಬಿನ್ ಎಂದು ಆಮೇಲೆ ತಿಳಿಯಿತು. ಇಂದು ವೈದ್ಯರು ಮೂರು ತಿಂಗಳ ಸಕ್ಕರೆಯ ಲೆಕ್ಕ ನೋಡುವ ಪರೀಕ್ಷೆಗೆ ಇದೇ ಆಧಾರ.

ಆ ಪರೀಕ್ಷೆ ಮೂರು ತಿಂಗಳ ಲೆಕ್ಕವನ್ನಷ್ಟೇ ಏಕೆ ಹೇಳುತ್ತದೆ? ಕೆಂಪು ರಕ್ತಕಣದ ಆಯುಷ್ಯ ಸುಮಾರು ೧೨೦ ದಿನ. ಕಣ ಅಳಿದಾಗ ಅದಕ್ಕೆ ಅಂಟಿದ ಸಕ್ಕರೆಯ ಗುರುತೂ ಅಳಿಯುತ್ತದೆ. ಚರ್ಮದ ಸ್ಥಿತಿ ಹಾಗಲ್ಲ. ಒಳಚರ್ಮದಲ್ಲಿ ನೀರಿನ ಅಂಶವನ್ನು ಬಿಟ್ಟರೆ ಮುಕ್ಕಾಲು ಪಾಲು ಕೊಲಾಜನ್ ಎಂಬ ಹಗ್ಗದಂಥ ಪ್ರೋಟೀನು. ಇಂದಿರುವ ಕೊಲಾಜನ್‌ನಲ್ಲಿ ಅರ್ಧ ಬದಲಾಗಲು ಸುಮಾರು ೧೫ ವರ್ಷ ಬೇಕೆಂದು ೨೦೦೦ದಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ರಕ್ತ ನಾಲ್ಕು ತಿಂಗಳಲ್ಲಿ ಮರೆಯುವುದನ್ನು ಚರ್ಮ ದಶಕಗಳ ಕಾಲ ನೆನಪಿಟ್ಟುಕೊಳ್ಳುತ್ತದೆ. ಅಂಟಿದ ಸಕ್ಕರೆ ಕ್ರಮೇಣ ಎಳೆಗೂ ಎಳೆಗೂ ನಡುವೆ ಬೆಸುಗೆ ಹಾಕುತ್ತದೆ; ಬೆಸೆದ ಎಳೆಗಳು ಬಳುಕುವ ಗುಣವನ್ನು ಕಳೆದುಕೊಳ್ಳುತ್ತವೆ. ಮಧುಮೇಹದಿಂದಲೂ ಹೊಗೆಸೊಪ್ಪಿನ ಸೇವನೆಯಿಂದಲೂ ಈ ಬೆಸುಗೆ ಹೆಚ್ಚುತ್ತದೆ. ಹಾಲೆಂಡಿನ ಲೈಡನ್ ನಗರದ ಸಂಶೋಧಕರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದ ಸಕ್ಕರೆ ಹೆಚ್ಚಿದ್ದವರು ನೋಡುವವರ ಕಣ್ಣಿಗೆ ಹೆಚ್ಚು ವಯಸ್ಸಾದವರಾಗಿ ತೋರಿದರು. ೧೦೦ ಮಿಲಿಲೀಟರ್ ರಕ್ತದಲ್ಲಿ ೧೮ ಮಿಲಿಗ್ರಾಂ ಸಕ್ಕರೆ ಹೆಚ್ಚಾದರೆ ತೋರಿಕೆಯ ವಯಸ್ಸಿನಲ್ಲಿ ಸುಮಾರು ಐದು ತಿಂಗಳ ವ್ಯತ್ಯಾಸ. ಜಾಹೀರಾತಿನ ವಾದದ ಮೊದಲರ್ಧಕ್ಕೆ ಆಧಾರ ಉಂಟೆಂಬುದನ್ನು ಇಷ್ಟರಿಂದ ಒಪ್ಪಬೇಕು.

ಹಾಗಾದರೆ ಉತ್ತರಾರ್ಧವೂ ನಿಜವೆ? ಹೊಲಕ್ಕೆ ನೀರು ಬೇಕೆಂಬುದು ಸತ್ಯ. ಅದರಿಂದ ನನ್ನ ಬಿಂದಿಗೆಯ ನೀರು ನಿನ್ನ ಹೊಲವನ್ನು ತಣಿಸುತ್ತದೆಂಬುದು ಸಿದ್ಧವಾಗದು. ನಡುವೆ ದಾಟಬೇಕಾದ ಮೆಟ್ಟಿಲುಗಳು ಹಲವು. ಲೇಪದಲ್ಲಿರುವ ವಸ್ತು ಮೊದಲು ಚರ್ಮದ ಹೊರಪದರವನ್ನು ದಾಟಬೇಕು. ಹೊರಗಿನದನ್ನು ಹೊರಗೇ ನಿಲ್ಲಿಸುವುದು ಆ ಪದರದ ಧರ್ಮ. ಸುಮಾರು ೫೦೦ ಡಾಲ್ಟನ್‌ಗಿಂತ ಭಾರವಾದ ಅಣುಗಳು ಅದನ್ನು ದಾಟುವುದು ಕಷ್ಟವೆಂಬುದು ಚರ್ಮತಜ್ಞರಲ್ಲಿ ಬಳಕೆಯಲ್ಲಿರುವ ನಿಯಮ. ಲೇಪದೊಳಗೆ ಕೊಲಾಜನ್ನನ್ನೇ ಬೆರೆಸುವುದುಂಟು. ಅದರ ಒಂದು ಅಣುವಿನ ಭಾರ ಸುಮಾರು ಮೂರು ಲಕ್ಷ ಡಾಲ್ಟನ್! ಸಣ್ಣ ಅಣುಗಳು ಇಳಿದಾವು. ಆದರೆ ಇಳಿಯುವುದು ಬೇರೆ, ಸಾಕಾಗುವಷ್ಟು ಪ್ರಮಾಣದಲ್ಲಿ ವರ್ಷಗಟ್ಟಲೆ ಅಲ್ಲಿ ನಿಂತು ಕೆಲಸ ಮಾಡುವುದು ಬೇರೆ. ಒಳಗಿನಿಂದ ಕೆಲಸ ಮಾಡಬೇಕಾದ ಔಷಧಗಳಿಗೂ ಈ ಹಾದಿ ಸುಗಮವಾಗಲಿಲ್ಲ. ಅಮೈನೋಗ್ವಾನಿಡೀನ್ ಎಂಬ ವಸ್ತು ಮಧುಮೇಹವಿದ್ದ ಇಲಿಗಳ ರಕ್ತನಾಳಗಳಲ್ಲಿ ಇಂಥ ಬೆಸುಗೆಯನ್ನು ತಡೆಯಿತೆಂದು ೧೯೮೬ರಲ್ಲಿ ಪ್ರಕಟವಾದಾಗ ದೊಡ್ಡ ಆಸೆ ಹುಟ್ಟಿತು. ಮನುಷ್ಯರ ಮೇಲೆ ಪ್ರಯೋಗಗಳು ನಡೆದ ಬಳಿಕವೂ ಅದು ಬಳಕೆಯ ಔಷಧವಾಗಲಿಲ್ಲ.

ಲೇಪಗಳನ್ನೇ ಪರೀಕ್ಷಿಸಿ ನೋಡಿದ್ದೂ ಉಂಟು. ೨೦೦೯ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಧುಮೇಹವಿದ್ದ ಇಪ್ಪತ್ತು ಮಂದಿ ಹಿರಿಯ ಹೆಂಗಸರು ಬ್ಲೂಬೆರಿ ಹಣ್ಣಿನ ಸಾರವಿದ್ದ ಲೇಪವೊಂದನ್ನು ಹನ್ನೆರಡು ವಾರ ಹಚ್ಚಿಕೊಂಡರು. ಸಣ್ಣ ಗೆರೆಗಳು ತಗ್ಗಿದವು, ಚರ್ಮ ತೇವದಿಂದ ತುಂಬಿಕೊಂಡಂತೆ ಕಂಡಿತು. ಆದರೆ ಚರ್ಮದಲ್ಲಿ ಸಂಚಯವಾದ ಸಕ್ಕರೆಯ ಬೆಸುಗೆಗಳನ್ನು ಉಪಕರಣದಿಂದ ಅಳೆದಾಗ, ಗಣನೆಗೆ ಬರುವಂಥ ಇಳಿತ ಕಾಣಲಿಲ್ಲ. ಈ ಫಲಿತಾಂಶ ಮನನ ಮಾಡತಕ್ಕದ್ದು. ಮುಖ ಚೆನ್ನಾಗಿ ಕಂಡಿತು, ನಿಜ. ಆದರೆ ಯಾವ ಕಾರಣದ ಹೆಸರು ಹೇಳಿ ಲೇಪವನ್ನು ಮಾಡಿದರೋ ಆ ಕಾರಣ ಇದ್ದಲ್ಲಿಯೇ ಇತ್ತು. ತೇವವಾದ ಚರ್ಮ ನುಣುಪಾಗಿ ಕಾಣುವುದು ಸಹಜ. ಕೊಬ್ಬರಿ ಎಣ್ಣೆ ಹಚ್ಚಿದ ನಮ್ಮ ಅಜ್ಜಿಯಂದಿರು ಅದನ್ನು ಬಲ್ಲರು.

ಇನ್ನು ಪ್ರತಿಯೊಬ್ಬರೂ ತಮ್ಮ ಮೈಮೇಲೆಯೇ ಮಾಡಿ ನೋಡಬಹುದಾದ ಪರೀಕ್ಷೆಯೊಂದಿದೆ. ಹಿರಿಯರೊಬ್ಬರ ಮುಂಗೈಯ ಹೊರಭಾಗವನ್ನೂ ತೋಳಿನ ಒಳಭಾಗವನ್ನೂ ಒಟ್ಟಿಗೆ ನೋಡಿರಿ. ಎರಡಕ್ಕೂ ವಯಸ್ಸು ಒಂದೇ. ಎರಡರಲ್ಲಿ ಹರಿಯುವ ರಕ್ತವೂ ಅದರ ಸಕ್ಕರೆಯೂ ಒಂದೇ. ಆದರೂ ಮುಂಗೈ ಒರಟಾಗಿ, ಬಣ್ಣ ಕಲೆಕಲೆಯಾಗಿ ಕಾಣುತ್ತದೆ. ತೋಳಿನ ಒಳಭಾಗ ಎಷ್ಟೋ ನುಣುಪಾಗಿರುತ್ತದೆ. ಈ ವ್ಯತ್ಯಾಸದ ಮುಖ್ಯ ಕಾರಣ ಬಿಸಿಲು. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ ೫೫ ವರ್ಷದೊಳಗಿನ ೯೦೩ ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಿ, ೨೦೧೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಿಸಿಲು ತಡೆಯುವ ಲೇಪವನ್ನು ನಿತ್ಯ ಹಚ್ಚಿದವರ ಮುಂಗೈಯಲ್ಲಿ, ತಮಗೆ ತೋಚಿದಾಗ ಹಚ್ಚಿದವರಿಗಿಂತ ಮುಪ್ಪಿನ ಗುರುತು ಶೇಕಡಾ ೨೪ರಷ್ಟು ಕಡಿಮೆ ಕಂಡಿತು. ಅವರು ಬಹುಮಟ್ಟಿಗೆ ಬಿಳಿಯ ಮೈಬಣ್ಣದವರು. ಕಂದು ಚರ್ಮಕ್ಕೆ ಹುಟ್ಟಿನಿಂದಲೇ ಒಂದಿಷ್ಟು ರಕ್ಷಣೆಯುಂಟು. ಆದುದರಿಂದ ಆ ಅಂಕಿಯನ್ನು ನಮಗೆ ಹಾಗೆಯೇ ಅನ್ವಯಿಸಬಾರದು. ಆದರೂ ದಾರಿ ಯಾವುದೆಂಬುದು ಸ್ಪಷ್ಟವಾಗಿದೆ: ಬಿಸಿಲಿನಲ್ಲಿ ಕೊಡೆ, ಟೋಪಿ, ಸೆರಗಿನ ಮರೆ, ಹೊಗೆಸೊಪ್ಪಿನಿಂದ ದೂರ, ರಕ್ತದ ಸಕ್ಕರೆ ಹದ್ದಿನಲ್ಲಿ. ಸಕ್ಕರೆಯ ಬೆಸುಗೆಯನ್ನು ತಡೆಯುವೆನೆನ್ನುವ ಲೇಪದ ಬಗ್ಗೆ ಇಂದು ಹೇಳಬಹುದಾದ ಪ್ರಾಮಾಣಿಕ ಮಾತು ಇಷ್ಟು: ಕಲ್ಪನೆ ಸಾಧಾರ, ಫಲ ಇನ್ನೂ ಸಿದ್ಧವಾಗಿಲ್ಲ.

ಇಲ್ಲಿಂದ ಎರಡನೆಯ ಪ್ರಶ್ನೆಗೆ ಬರೋಣ. ಧರ್ಮರಾಯನು ಅಶ್ವತ್ಥಾಮನು ಹತನಾದನೆಂದು ಗಟ್ಟಿಯಾಗಿ ನುಡಿದು, ಆನೆಯೆಂಬ ಮಾತನ್ನು ಮೆಲ್ಲಗೆ ನುಡಿದನೆಂಬ ಪ್ರಸಂಗ ನಮಗೆಲ್ಲ ಪರಿಚಿತ. ಅವನಾಡಿದ ಶಬ್ದಗಳಲ್ಲಿ ಸುಳ್ಳಿರಲಿಲ್ಲ; ದ್ರೋಣನು ಅರ್ಥಮಾಡಿಕೊಂಡದ್ದು ಸುಳ್ಳಾಗಿತ್ತು. ಲೇಪದ ಜಾಹೀರಾತೂ ಇದೇ ರೀತಿಯದು. ವಿಜ್ಞಾನದ ಸತ್ಯವನ್ನು ದಪ್ಪಕ್ಷರದಲ್ಲಿ ಸಾರಿ, 'ನೆರವಾಗಬಹುದು', 'ಕಡಿಮೆಯಾದಂತೆ ತೋರುತ್ತದೆ' ಎಂಬ ಮಾತುಗಳನ್ನು ಸಣ್ಣಕ್ಷರದಲ್ಲಿ ಅಡಗಿಸುತ್ತಾರೆ. ನಮ್ಮ ದೇಶದ ೧೯೪೦ರ ಔಷಧ ಮತ್ತು ಪ್ರಸಾಧನ ಕಾಯಿದೆಯ ಪ್ರಕಾರ ಪ್ರಸಾಧನವೆಂದರೆ ಶುಚಿಗೊಳಿಸಲು, ಅಂದಗೊಳಿಸಲು, ಆಕರ್ಷಣೆ ಹೆಚ್ಚಿಸಲು ಅಥವಾ ತೋರಿಕೆಯನ್ನು ಬದಲಿಸಲು ಬಳಸುವ ವಸ್ತು. ದೇಹದ ರಚನೆಯನ್ನೋ ಕಾರ್ಯವನ್ನೋ ಬದಲಿಸುವ ವಸ್ತು ಔಷಧದ ಕಡೆಗೆ ಸೇರುತ್ತದೆ. ಅದಕ್ಕೆ ಕಟ್ಟುನಿಟ್ಟಾದ ಪರೀಕ್ಷೆಯುಂಟು. ಔಷಧದ ಗೌರವವೂ ಬೇಕು, ಪ್ರಸಾಧನದ ಸಲಿಗೆಯೂ ಬೇಕು ಎನ್ನುವವನ ಮಾತು ಸಹಜವಾಗಿಯೇ ಇಬ್ಬಗೆಯದಾಗುತ್ತದೆ.

ಗಡಿನಾಡಿನ ನಮ್ಮ ಮಕ್ಕಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಅವರ ಕೈಗೆ ಬರುವ ಡಬ್ಬಿಗಳ ಮೇಲೆ ಕನ್ನಡದ ಬರಹ ಕಾಣುವುದು ಅಪೂರ್ವ. ಅರ್ಥವಾಗದ ಶಬ್ದಕ್ಕೆ ಮಂತ್ರದ ಮಹಿಮೆ ಬರುತ್ತದೆ. ಅದೇ ವಿಷಯವನ್ನು ದೋಸೆಯ ಕೆಂಪಿನಿಂದ, ಕಾಫಿಬೀಜದ ಕಂದಿನಿಂದ ಕನ್ನಡದಲ್ಲಿ ಬಿಡಿಸಿ ಹೇಳಿದರೆ, ಹತ್ತನೆಯ ತರಗತಿಯ ಹುಡುಗಿಯೂ 'ಹಾಗಿದ್ದರೆ ಲೇಪ ಒಳಗೆ ಹೇಗೆ ಹೋಗುತ್ತದೆ, ಮೇಷ್ಟ್ರೆ?' ಎಂದು ಕೇಳಿಯಾಳು. ಆ ಪ್ರಶ್ನೆ ಹುಟ್ಟಿದ ಮೇಲೆ ಅವಳನ್ನು ಮರುಳುಮಾಡುವುದು ಸುಲಭವಲ್ಲ. ಸುಕ್ಕು ಬರಲು ಇನ್ನೂ ಮೂವತ್ತು ವರ್ಷವಿರುವ ಮಕ್ಕಳಿಗೆ ಸುಕ್ಕಿನ ಭಯವನ್ನು ಮಾರುವ ಕಾಲದಲ್ಲಿ ಇದು ಅಲ್ಪವಾದ ರಕ್ಷಣೆಯೆನ್ನಲಾಗದು.

ಆದರೆ ಕೊಳ್ಳುವವರನ್ನು ಹಂಗಿಸುವುದು ನ್ಯಾಯವೆ? ವಯಸ್ಸಾದಂತೆ ಕಾಣುವವರಿಗೆ ಕೆಲಸ ಕೊಡಲು ಹಿಂದೆಗೆಯುವವರಿದ್ದಾರೆ. ಗಂಡಸಿನ ನರೆಯನ್ನು ಅನುಭವವೆಂದೂ ಹೆಂಗಸಿನ ನರೆಯನ್ನು ಇಳಿಗಾಲವೆಂದೂ ಓದುವ ಕಣ್ಣು ನಮ್ಮ ಸಮಾಜದ್ದೇ. ಆ ಕಣ್ಣಿಗೆ ಅಂಜಿ ಹತ್ತು ರೂಪಾಯಿಯ ಲೇಪ ಕೊಂಡವಳನ್ನು ವ್ಯಾಮೋಹಿಯೆಂದು ಜರೆದು, ಆ ಕಣ್ಣನ್ನು ಮಾತ್ರ ಬಿಟ್ಟುಬಿಡುವುದು ನೀತಿಯಲ್ಲ. ಅಂದವಾಗಿ ಕಾಣಬೇಕೆಂಬ ಬಯಕೆಯಲ್ಲಿ ಪಾಪವೇನಿಲ್ಲ. ಹಬ್ಬದ ದಿನ ಎಣ್ಣೆನೀರು ಮಾಡಿ ಹೂ ಮುಡಿಯುವುದೂ ಅದೇ ಬಯಕೆಯಿಂದ. ಅಂದವೂ ಎಳವಯಸ್ಸೂ ಒಂದೇ ಎಂದು ನಂಬುವಲ್ಲಿಂದ ಕೇಡು ಆರಂಭವಾಗುತ್ತದೆ. ಆಗ ಕನ್ನಡಿಯಲ್ಲಿ ಕಾಣುವ ಪ್ರತಿಯೊಂದು ವರ್ಷವೂ ಒಂದು ಸೋಲಾಗುತ್ತದೆ. ಎಂದೆಂದೂ ಗೆಲ್ಲಲಾಗದ ಯುದ್ಧಕ್ಕೆ ತಿಂಗಳು ತಿಂಗಳೂ ಕಪ್ಪ ಕೊಡಬೇಕಾಗುತ್ತದೆ.

ಪಂಪನ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಕುಣಿಯುತ್ತಿರುವಾಗಲೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಕೂಡಲೇ ಅವಳಂಥದೇ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ. ಆದಿದೇವನೊಬ್ಬನಿಗೆ ಮಾತ್ರ ತಿಳಿಯುತ್ತದೆ. ಆ ತಿಳಿವಿನಿಂದಲೇ ಅವನ ಬಾಳು ಹೊರಳುತ್ತದೆ. ನಾವಾರೂ ಆದಿದೇವರಾಗಬೇಕಿಲ್ಲ, ಮನೆ ಬಿಟ್ಟು ಹೊರಡಬೇಕಾಗಿಯೂ ಇಲ್ಲ. ಆದರೆ ಕಾಲ ಸರಿಯುತ್ತಿರುವುದನ್ನು ಕಾಣಬಲ್ಲ ಕಣ್ಣು ಮನುಷ್ಯನಿಗೆ ಬೇಕು. ತನ್ನ ಕೈಯ ಸುಕ್ಕನ್ನು ನೋಡಿ, ಮಾಡಬೇಕೆಂದಿದ್ದ ಕೆಲಸವನ್ನು ಇಂದೇ ತೊಡಗುವವನಿಗೆ ಆ ಸುಕ್ಕು ಉಪಕಾರವನ್ನೇ ಮಾಡಿತು. ಅದನ್ನು ಮರೆಮಾಡಿ ಕಾಲ ನಿಂತಿದೆಯೆಂದು ನಂಬಿದವನಿಗೆ ಆ ಉಪಕಾರ ತಪ್ಪಿತು.

ಆದುದರಿಂದ ಚರ್ಮದ ಪಾಲನೆ ಬೇರೆ, ವಯಸ್ಸಿನ ನಾಚಿಕೆ ಬೇರೆ. ಬಿಸಿಲಿಗೆ ಕೊಡೆ ಹಿಡಿಯುವುದು, ಒಣಗಿದ ಚರ್ಮಕ್ಕೆ ಎಣ್ಣೆಯನ್ನೋ ಸಾಧಾರಣ ಲೇಪವನ್ನೋ ಸವರುವುದು, ಮಧುಮೇಹವನ್ನು ಹದದಲ್ಲಿಡುವುದು, ಇವು ದೇಹವೆಂಬ ಮನೆಯನ್ನು ಗುಡಿಸಿ ಸಾರಿಸುವ ಕೆಲಸ. ಇವನ್ನು ಅಲ್ಲಗಳೆಯುವುದು ವೈರಾಗ್ಯವಲ್ಲ, ಸೋಮಾರಿತನ. ನಾಳೆ ಯಾವುದಾದರೊಂದು ಲೇಪ ಸಕ್ಕರೆಯ ಬೆಸುಗೆಯನ್ನು ನಿಜವಾಗಿಯೂ ಬಿಡಿಸುವುದೆಂದು ಪ್ರಯೋಗದಿಂದ ಸಿದ್ಧವಾದರೆ ಅದನ್ನೂ ಸಂತೋಷದಿಂದ ಸ್ವಾಗತಿಸೋಣ. ಮಧುಮೇಹಿಗಳ ಬಿರುಸಾದ ಚರ್ಮಕ್ಕೆ ಅದರಿಂದ ಎಷ್ಟೋ ಹಿತವಾದೀತು. ಅಂದೂ ನಾವು ಕೇಳಬೇಕಾದ ಪ್ರಶ್ನೆಗಳು ಇವೇ: ಇದು ಮಾಡುವುದೇನು, ತೋರಿಸುವುದೇನು? ಇದನ್ನು ನಾವು ಹಚ್ಚುವುದು ಚರ್ಮದ ಹಿತಕ್ಕೋ, ನೋಡುವವರ ಭಯಕ್ಕೋ? ಈ ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ತರಗತಿಯಲ್ಲಿ ಬೆಳೆಸಿದ ಉಪಾಧ್ಯಾಯರ ಮುಖದಲ್ಲಿ ನಾಲ್ಕು ಗೆರೆ ಮೂಡಿದ್ದರೆ, ಆ ಗೆರೆಗಳನ್ನು ಅವರ ಶಿಷ್ಯರು ಎಂದಿಗೂ ದೋಷವೆಂದು ಎಣಿಸಲಾರರು.